ವನ್ಸ್ ಮೋರಿಗೆ ಬಿಟ್ಟ ಜಾಗ

ಸಂಜೆ ಆರೂವರೆಗೆ ಮಾನ್ವಿಯ ಕಲ್ಯಾಣ ಮಂಟಪದಲ್ಲಿ ದೀಪ ಆರಿಸಿ ನಾಟಕ ಶುರು ಮಾಡಿದರು. ವೇದಿಕೆಯ ಮೇಲೆ ನಟರಿರಲಿಲ್ಲ, ಬಿಳಿ ಪರದೆ ಇತ್ತು. ನಾಯಕಿಯ ಪಾತ್ರ ಮಾಡಿದ ವಾಹಿದಾ ಕೊನೆಯ ಸಾಲಿನಲ್ಲಿ ತಲೆ ತುಂಬ ಸೆರಗು ಹೊದ್ದು ಕುಳಿತಿದ್ದಳು.

ಊರೂರಿಗೆ ಡೇರೆ ಹೊತ್ತೊಯ್ಯುವುದು ಅವಳ ನಾಟಕ ಕಂಪನಿಗೆ ಈಗ ಆಗದ ಮಾತು. ಅದಕ್ಕೇ ಮಾಲೀಕ ಶಂಭುಲಿಂಗಪ್ಪ ನಾಲ್ಕು ನಾಟಕಗಳನ್ನು ಚಿತ್ರೀಕರಿಸಿ, ಈ ಸಲದ ಹಂಗಾಮನ್ನು ಪರದೆಯ ಮೇಲೆಯೇ ನಡೆಸಲು ಹೊರಟಿದ್ದ. ದೇವದುರ್ಗದಲ್ಲಿ ಮೊದಲ ಆಟವೇ ಕೆಟ್ಟಿತು. ವಾಹಿದಾಳ ತೊಟ್ಟಿಲ ಹಾಡು ಮುಗಿದ ಕೂಡಲೇ ಜನ ರೂಢಿಯಂತೆ 'ವನ್ಸ್ ಮೋರ್' ಎಂದು ಕೂಗಿದರು. ಎದುರಿಗಿದ್ದರೆ ಆಕೆ ಮತ್ತೊಮ್ಮೆ ಹಾಡುತ್ತಿದ್ದಳು. ಪರದೆ ಮಾತ್ರ ಮುಂದಕ್ಕೆ ಹೋಯಿತು. 'ಮಗು ಸತ್ತಿಲ್ಲ' ಎಂಬ ಸೂಲಗಿತ್ತಿಯ ಮಾತು ಆ ಗದ್ದಲದಲ್ಲಿ ಮುಳುಗಿತು. ಮುಂದಿನ ಅಂಕದಲ್ಲಿ ಅದೇ ಮಗ ಫೌಜುದಾರನಾಗಿ ಬಂದಾಗ ಯಾರಿಗೂ ತಲೆಬುಡ ತಿಳಿಯಲಿಲ್ಲ. ಅರ್ಧ ಜನ ಎದ್ದು ಹೋದರು.

"ಮಾನ್ವ್ಯಾಗೂ ಹಿಂಗಾತಂದ್ರ ರಾಯಚೂರು ರದ್ದು, ವಾಹಿದಾಬಾಯಿ. ಕಂಪನೀನೂ ಮುಚ್ಚಿದಂಗ," ಎಂದಿದ್ದ ಶಂಭುಲಿಂಗಪ್ಪ.

ಆಗ ವಾಹಿದಾಳಿಗೆ ಚಿತ್ರೀಕರಣದ ದಿನ ನೆನಪಾಯಿತು. ಎದುರಿಗೆ ಖಾಲಿ ಕುರ್ಚಿಗಳಿದ್ದವು. ಆದರೂ ಹಾಡು ಮುಗಿಸಿದವಳು, ಮೈಗೆ ಹತ್ತಿದ ರೂಢಿಯಿಂದ ಜನರ ಕೂಗಿಗೆ ಕಾದು ನಿಂತು, ಎರಡನೇ ಸಲ ಹಾಡಿಯೇ ಬಿಟ್ಟಿದ್ದಳು. ಸಂಕಲನ ಮಾಡಿದ ಕಿರಣಕುಮಾರ ಅದನ್ನು ತಪ್ಪೆಂದು ತೆಗೆದುಹಾಕಿದ್ದ.

"ಅದನ್ನ ತಿರುಗಿ ಜೋಡಸು, ತಮ್ಮಾ," ಎಂದು ಆಕೆ ಈಗ ಅವನಿಗೆ ಹೇಳಿದಳು.

"ಯಕ್ಕಾ, ಅಲ್ಲಿ ನೀವು ಸುಮ್ನ ನಿಂತೀರಿ. ಜನ ಕೂಗಲಿಲ್ಲಂದ್ರ?"

"ಕೂಗ್ತಾರ."

"ಕೂಗಲಿಲ್ಲಂದ್ರ ಕೇಳಲಾರದ ಎರಡನೇ ಸಲ ಹಾಡಿದಂಗ ಆಗ್ತದ. ನಗ್ತಾರ್ರಿ."

"ನಕ್ರ ನನ್ನ ನೋಡಿ ನಗ್ತಾರ. ನೀ ಜೋಡಸು."

ಅಂದು ಸಲೀಸಾಗಿ ಹೇಳಿದ್ದವಳು ಈಗ ಕೊನೆಯ ಸಾಲಿನಲ್ಲಿ ಕುಳಿತು ಮುಂದಿನ ತಲೆಗಳನ್ನೇ ನೋಡುತ್ತಿದ್ದಳು. ಯಾರೂ ಕೇಳದೆ ಮತ್ತೆ ಹಾಡುವುದು ಕಂಪನಿಯವರಲ್ಲಿ ನಾಚಿಕೆಗೇಡು. ಮಾನ್ವಿಯ ಜನ ಸಿನಿಮಾಕ್ಕೆ ಬಂದವರಂತೆ ಕೈಕಟ್ಟಿ ಕುಳಿತಿದ್ದರು. ಹಾಸ್ಯದ ಪ್ರವೇಶಕ್ಕೂ ನಗು ಸಣ್ಣದಾಗಿಯೇ ಬಂತು.

ತೊಟ್ಟಿಲ ಹಾಡು ಬಂತು, ಮುಗಿಯಿತು. ಪರದೆಯ ವಾಹಿದಾ ತೊಟ್ಟಿಲ ಹಗ್ಗ ಹಿಡಿದು ನಿಂತಳು. ಮಂಟಪದಲ್ಲಿ ಫ್ಯಾನುಗಳ ಸದ್ದಷ್ಟೇ.

"ಲೇ, ಮಿಷನ್ ನಿಂತ್ಬಿಡ್ತು ನೋಡಲೇ!"

"ಕರೆಂಟ್ ಹೋತೇನು?"

"ಕರೆಂಟ್ ಹೋದ್ರ ಆಕಿ ಹೆಂಗ ಕಾಣ್ತಾಳಲೇ, ಶಾಣ್ಯಾ?"

ನಗು ಸಾಲಿನಿಂದ ಸಾಲಿಗೆ ಹರಿಯಿತು. ಮುಂದೆ ಕುಳಿತಿದ್ದ ಶಂಭುಲಿಂಗಪ್ಪ ಎದ್ದು ತಿರುಗಿ, 'ಮುಂದಕ್ಕೆ ಓಡಿಸು' ಎಂದು ಕೈಸನ್ನೆ ಮಾಡಿದ. ವಾಹಿದಾಳ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಕಿರಣಕುಮಾರ ಕೈ ಚಾಚಿದ. ಆಕೆ ಅವನ ಮಣಿಕಟ್ಟು ಹಿಡಿದಳು.

"ಇರು."

"ಯಕ್ಕಾ, ಮಾಲಕರು..."

"ಇರು ಅಂದೆ."

ಪರದೆಯ ವಾಹಿದಾ ಸೆರಗಿನ ತುದಿಯಿಂದ ಕತ್ತಿನ ಬೆವರು ಒರೆಸಿಕೊಂಡಳು. ಮೂರನೇ ಸಾಲಿನಲ್ಲಿ ಒಬ್ಬ ಮುದುಕ ಕುರ್ಚಿ ಹಿಡಿದು ಎದ್ದ. ಹಿಂದೆ ಡೇರೆ ಬಂದಾಗಲೆಲ್ಲ ತಪ್ಪದೆ ಬರುತ್ತಿದ್ದ ಟೇಲರ್ ಸತ್ತಾರ್ ಸಾಬ್.

"ಅರೇ, ಮಿಷನ್ ನಿಂತಿಲ್ಲೋ! ಆಕಿ ನಮ್ಮನ್ನ ಕಾಯಾಕತ್ಯಾಳ. ನಿಮ್ಮ ನಾಲಿಗಿ ಏನು ಮನ್ಯಾಗ ಇಟ್ಟು ಬಂದೀರೇನು? ವನ್ಸ್ ಮೋರ್!"

ಅವನ ಹಿಂದಿನಿಂದ ಇನ್ನೊಂದು ದನಿ ಎದ್ದಿತು, ಆಮೇಲೆ ಹೆಂಗಸರ ಸಾಲಿನಿಂದ ಹತ್ತಾರು. ಸೀಟಿ ಬಿದ್ದವು. ಆ ಗದ್ದಲದಲ್ಲೇ ಪರದೆಯವಳು ತಲೆಯೆತ್ತಿ ಹಾಡಿದಳು.

ವಾಹಿದಾ ಕಿರಣಕುಮಾರನ ಕೈ ಬಿಟ್ಟಳು. ಹಾಡು ಮುಗಿಯುತ್ತಲೇ ಮಂಟಪ ಮತ್ತೆ ಕೂಗಿತು.

"ಯಕ್ಕಾ, ಮೂರನೇದು ಇಲ್ರಿ!" ಕಿರಣಕುಮಾರ ಅವಳತ್ತ ತಿರುಗಿದ. "ಸೂಲಗಿತ್ತಿ ಬರೋ ಹೊತ್ತಾತು."

"ಹಾಡನ್ನ ಹಿಂದಕ ತಗೊಂಡು ಹಾಕು. ಲಗೂನ!"

ಅವನು ಹಾಕಿದ. ಮೂರನೇ ಸಲದ ನಂತರ ಜನ ತಣ್ಣಗಾದರು. ಸೂಲಗಿತ್ತಿಯ ಮಾತು ಎಲ್ಲರಿಗೂ ಕೇಳಿಸಿತು. ಕೊನೆಯ ಅಂಕದವರೆಗೆ ಯಾರೂ ಎದ್ದು ಹೋಗಲಿಲ್ಲ.

ಭಾನುವಾರ ರಾಯಚೂರಿನಲ್ಲಿ ಆಟ ನಡೆಯಿತು.