ತುರ್ತು ತಿದ್ದುಪಡಿ

“ಆ ರಸ್ತೆಯಲ್ಲಿ ಯಾರ ಮನೆ ಇದೆ?” ಎಂದು ಜಿರಾಫೆ ಕೇಳಿದ.

“ಯಾರದ್ದೂ ಇಲ್ಲ,” ಅಂದುಬಿಟ್ಟ ಅವನು.

ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಅಲ್ಲಿ ಇದ್ದದ್ದು ಅವನದೇ ಮನೆ. ಮೂರನೇ ಮಹಡಿ, ಅಡುಗೆಮನೆಯ ಕಿಟಕಿ ರಸ್ತೆಯ ಕಡೆಗೆ. ಆ ಕಿಟಕಿಯ ಒಳಗೆ ಅವನ ಹೆಂಡತಿ ಬೆಳಗ್ಗಿನಿಂದ ಒಲೆ ಬಿಟ್ಟು ಅಲ್ಲಾಡಿರಲಿಲ್ಲ, ಸಂಜೆ ಮಗಳು ಬರುವವಳಿದ್ದಳು.

ಜಿರಾಫೆ ಅವನ ಮೇಲಧಿಕಾರಿ. ಕೂತಲ್ಲಿಂದಲೇ ಕತ್ತು ಚಾಚಿ ಎಲ್ಲರ ಕಂಪ್ಯೂಟರಿಗೂ ಇಣುಕುತ್ತಾನೆಂದು ಆಫೀಸಿನವರು ಇಟ್ಟ ಹೆಸರು. ವಯಸ್ಸಿನಲ್ಲಿ ಇವನಿಗಿಂತ ಚಿಕ್ಕವನು, ಆದ್ದರಿಂದ ಮರ್ಯಾದೆ ಸ್ವಲ್ಪ ಹೆಚ್ಚಾಗಿಯೇ ಕೊಡುತ್ತಿದ್ದ.

“ಯಾರ ಮನೇನೂ ಇಲ್ಲ ಅಂದ್ಮೇಲೆ ಅರ್ಜೆಂಟ್ ಏನು ಸಾರ್? ಮುಂದಿನ ವಾರ ಎಲ್ಲದರ ಜೊತೆ ಹೋಗ್ಲಿ ಬಿಡಿ.”

“ತಪ್ಪು ಮಾಹಿತಿ. ರಸ್ತೆ ತೆರೆದಿದೆ, ನಮ್ಮ ನಕ್ಷೆಯಲ್ಲಿ ಮುಚ್ಚಿದೆ ಅಂತಿದೆ.”

“ಯಾರಾದ್ರೂ ದೂರು ಕೊಟ್ರಾ?”

“ಇಲ್ಲ.”

“ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?”

“ಹೀಗೇ, ನೋಡ್ತಾ ಇದ್ದೆ.”

ಜಿರಾಫೆ ಅವನ ಮುಖವನ್ನು ಒಂದು ಗಳಿಗೆ ನೋಡಿದ. “ಹುಷಾರು ಸಾರ್,” ಅಂದ. “ಪಕ್ಕದ ವಿಭಾಗದವನ ಕಥೆ ಗೊತ್ತಲ್ಲ.”

ಗೊತ್ತಿತ್ತು. ತನ್ನ ಮನೆಯ ಮುಂದಿನ ರಸ್ತೆಯನ್ನು ಗುಟ್ಟಾಗಿ ಏಕಮುಖ ಮಾಡಿಕೊಂಡಿದ್ದವನನ್ನು ಹೋದ ತಿಂಗಳಷ್ಟೇ ಕೆಲಸದಿಂದ ಕಿತ್ತು ಹಾಕಿದ್ದರು. ಅವನು ಪೆಟ್ಟಿಗೆ ಹೊತ್ತುಕೊಂಡು ಹೋಗುವಾಗ ಎಲ್ಲರೂ ತಮ್ಮ ತಮ್ಮ ಪರದೆಗಳಲ್ಲಿ ಮುಳುಗಿದ್ದರು.

ಇವನು ತನ್ನ ಜಾಗಕ್ಕೆ ಬಂದು ಕೂತ. ಎದುರಿಗೆ ಊರಿನ ನಕ್ಷೆ. ಕಾರಿನೊಳಗೆ ಕೂತು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ದಾರಿ ಹೇಳುವ ಯಂತ್ರಕ್ಕೆ ರಸ್ತೆಗಳನ್ನು ಕಲಿಸುವುದು ಅವನ ಕೆಲಸ. ಹೊಸ ರಸ್ತೆ ಹುಟ್ಟಿದರೆ ಗೆರೆ ಎಳೆಯಬೇಕು, ಅಗೆದಿದ್ದರೆ ಮುಚ್ಚಬೇಕು. ಎಲ್ಲಿ ಎಷ್ಟು ವಾಹನ ಎಂಬುದು ನಿಮಿಷ ನಿಮಿಷಕ್ಕೂ ತಾನಾಗಿಯೇ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಬದಲಾಗುತ್ತದೆ. ಆದರೆ ತೆರೆಯುವುದು ಮುಚ್ಚುವುದು ಮಾತ್ರ ವಾರಕ್ಕೊಮ್ಮೆ ಎಲ್ಲ ಕಾರುಗಳಿಗೂ ಒಟ್ಟಿಗೆ ಹೋಗುತ್ತದೆ. ನಡುವೆ ತುರ್ತು ತಿದ್ದುಪಡಿ ಬೇಕೆಂದರೆ ಜಿರಾಫೆಯ ಒಪ್ಪಿಗೆ ಬೇಕು.

ಅವನ ಮನೆಯ ರಸ್ತೆ ಬೂದು ಬಣ್ಣದಲ್ಲಿತ್ತು. ಮುಚ್ಚಿದ ರಸ್ತೆಗಳ ಬಣ್ಣ ಅದು.

ಮುಚ್ಚಿದವನು ಅವನೇ. ಹೋದ ವರ್ಷ ಅವನ ಕಂಪನಿಯ ಯಂತ್ರವೇ ಆ ಗಲ್ಲಿಯನ್ನು ಒಳದಾರಿಯೆಂದು ಪತ್ತೆ ಹಚ್ಚಿತ್ತು. ಅಂದಿನಿಂದ ಬೆಳಗಾದರೆ ಸಾಕು, ಊರಿನ ಕಾರುಗಳೆಲ್ಲ ಅಡುಗೆಮನೆಯ ಕಿಟಕಿಯ ಕೆಳಗೆ ಹಾರ್ನ್ ಹೊಡೆಯುತ್ತಾ ಸಾಲುಗಟ್ಟುತ್ತಿದ್ದವು. ಹೆಂಡತಿ ಒಂದು ಮಾತೂ ಆಡಿರಲಿಲ್ಲ. ತಲೆ ಚಿಟ್ಟು ಹಿಡಿದದ್ದು ಅವನಿಗೆ. ಒಂದು ಮಧ್ಯಾಹ್ನ, ಊಟದ ನಂತರದ ಜೋಂಪಿನಲ್ಲಿ, ಆ ಗೆರೆಯನ್ನು ಆರಿಸಿ, ಕಾರಣ ‘ಒಳಚರಂಡಿ ಕಾಮಗಾರಿ’ ಎಂದು ಒತ್ತಿಬಿಟ್ಟ. ಜಿರಾಫೆ ಅವತ್ತು ರಜೆಯಲ್ಲಿದ್ದ. ಅವನ ಜಾಗದಲ್ಲಿದ್ದವನು ನೋಡದೆಯೇ ಒಪ್ಪಿಗೆ ಒತ್ತಿದ. ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡದೆ ಒಪ್ಪುವುದಕ್ಕೆ ಅಲ್ಲಿ ವಿಶ್ವಾಸ ಎನ್ನುತ್ತಿದ್ದರು.

ಮುಂದಿನ ವಾರದಿಂದ ಗಲ್ಲಿ ತಣ್ಣಗಾಯಿತು. ಕಿಟಕಿಯಲ್ಲಿ ನಿಂತು ಖಾಲಿ ರಸ್ತೆಯನ್ನು ನೋಡುತ್ತಾ ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಆಮೇಲೆ ಆ ಸದ್ದಿಲ್ಲದ ಮನೆಯಲ್ಲಿ ಒಂದೊಂದಾಗಿ ಕೇಳತೊಡಗಿತು: ಫ್ರಿಜ್ಜಿನ ಗುಂಯ್, ಗೋಡೆಯ ಗಡಿಯಾರ, ಹೆಂಡತಿ ಪಾತ್ರೆ ಇಡುವುದು. ಇಬ್ಬರಿಗೂ ಒಬ್ಬರಿಗೊಬ್ಬರು ಹೇಳುವಂಥದ್ದು ಏನೂ ಉಳಿದಿಲ್ಲ ಎಂಬುದೂ ಗೊತ್ತಾಯಿತು. ಹಾರ್ನ್ ಇದ್ದಾಗ ಮಾತಾಡದಿರುವುದಕ್ಕೊಂದು ನೆಪವಿತ್ತು.

ಇವತ್ತು ಮಧ್ಯಾಹ್ನ ಹೆಂಡತಿಗೆ ಫೋನ್ ಮಾಡಿದ.

“ಅವಳಿಗೆ ದಾರಿ ಹೇಳಿದ್ಯಾ?”

“ಕಾರೇ ಹೇಳುತ್ತಂತೆ. ನಿಮ್ಮ ಕಂಪನೀದೇ ಅಂತೆ ರೀ ಅದರಲ್ಲಿರೋದು.” ಅವಳ ದನಿಯಲ್ಲಿ ಹೆಮ್ಮೆಯಿತ್ತು. ಅವನ ಕೆಲಸದ ಬಗ್ಗೆ ಅವಳು ಹೆಮ್ಮೆ ಪಟ್ಟು ಎಷ್ಟೋ ಕಾಲವಾಗಿತ್ತು.

“ಆದ್ರೂ ನೀನೊಂದು ಸಲ ಹೇಳಿಬಿಡು.”

“ನೀವೇ ಹೇಳಿ. ನಿಮ್ಮ ಮಗಳಲ್ವಾ?”

ಈ ಮಾತಿಗೆ ಅವನು ಫೋನ್ ಇಟ್ಟ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಗಳು ಗಂಡನ ಮನೆಯಿಂದ ಫೋನ್ ಮಾಡಿ, “ಅಪ್ಪಾ, ಇಲ್ಲಿ ನನ್ನ ಕೈಲಿ ಇರಕ್ಕಾಗಲ್ಲ, ಪಾಪೂನ ಕರ್ಕೊಂಡು ಬಂದುಬಿಡ್ತೀನಿ,” ಎಂದಿದ್ದಳು. ಅವತ್ತು ಇವರು ಹಳೇ ಮನೆ ಬಿಟ್ಟು ಈಗಿನ ಮನೆಗೆ ಬರುತ್ತಿದ್ದರು, ಬೀರು ಆಗಲೇ ಲಾರಿ ಏರಿತ್ತು. “ಈಗ ಬೇಡ. ಮನೆ ಅಸ್ತವ್ಯಸ್ತವಾಗಿದೆ. ಇನ್ನೊಂದಷ್ಟು ದಿನ ಹೊಂದ್ಕೊಂಡು ನೋಡು,” ಎಂದಿದ್ದ. ಅವನ ಪ್ರಕಾರ ಅದು ವಿವೇಕದ ಮಾತು, ಈಗಲೂ ಅದರಲ್ಲಿ ತಪ್ಪು ಹುಡುಕಲು ಅವನಿಗೆ ಆಗುತ್ತಿರಲಿಲ್ಲ. ಮಗಳು ಗಂಡನನ್ನು ಬಿಟ್ಟಳು, ಬೇರೆ ಊರಿನಲ್ಲಿ ಕೆಲಸ ಹಿಡಿದಳು, ಮಗುವನ್ನು ಒಬ್ಬಳೇ ಸಾಕಿದಳು. ಇವರ ಹೊಸ ಮನೆಯ ಹೊಸ್ತಿಲು ಮಾತ್ರ ತುಳಿಯಲಿಲ್ಲ. ಅಲ್ಲಿಯವರೆಗೆ ಅಪ್ಪನನ್ನು ‘ನೀನು’ ಎನ್ನುತ್ತಿದ್ದವಳು ಆಮೇಲೆ ‘ನೀವು’ ಎನ್ನತೊಡಗಿದಳು. ನೆಂಟರು ಅದನ್ನು ಕೇಳಿ, ಹುಡುಗಿಗೆ ಬುದ್ಧಿ ಬಂತು ಎಂದು ಮೆಚ್ಚಿಕೊಂಡರು.

ಇವತ್ತು ಬೆಳಿಗ್ಗೆ ಇದ್ದಕ್ಕಿದ್ದಂತೆ ತಾಯಿಗೆ ಫೋನ್ ಮಾಡಿದ್ದಳು. ಕೆಲಸದ ಮೇಲೆ ಈ ಕಡೆ ಬಂದಿದ್ದೇನೆ, ಸಂಜೆ ಹೋಗುವಾಗ ಒಂದು ಗಂಟೆ ಹೊತ್ತು ಬಂದು ಹೋಗುತ್ತೇನೆ.

ಅವನು ಮೊಬೈಲಿನಲ್ಲಿ ‘ಕಾರು ಹೇಳಿದ್ದನ್ನು ನಂಬಬೇಡ’ ಎಂದು ಬರೆದ. ಯಾಕೆ ಎಂದು ಕೇಳಿದರೆ? ಅಳಿಸಿದ. ‘ರಸ್ತೆ ತೆರೆದಿದೆ’ ಎಂದು ಬರೆದ. ಇದೂ ವಿಚಿತ್ರವಾಗಿ ಕಂಡಿತು. ಯಾರಾದರೂ ತಮ್ಮ ಮನೆಯ ರಸ್ತೆ ತೆರೆದಿದೆ ಎಂದು ಮಗಳಿಗೆ ಬರೆಯುತ್ತಾರೆಯೇ? ಅದನ್ನೂ ಅಳಿಸಿದ. ಪಾರ್ಟಿಶನ್ನಿನ ಮೇಲೆ ಜಿರಾಫೆಯ ತಲೆ ಕಾಣಿಸಿತು. ಅವನು ಬೇಗ ಬೇಗ ಊರಿನ ಇನ್ನೊಂದು ಮೂಲೆಯ ನಕ್ಷೆಗೆ ಸರಿದ.

ಸಂಜೆ ಮನೆಗೆ ಬಂದಾಗ ಹೆಂಡತಿ ಒಳಕೋಣೆಯ ಹಾಸಿಗೆಗೆ ಹೊಸ ಹೊದಿಕೆ ಹಾಸುತ್ತಿದ್ದಳು.

“ಒಂದು ಗಂಟೆ ಇದ್ದು ಹೋಗೋಳಿಗೆ ಹಾಸಿಗೆ ಯಾಕೆ?”

“ಇರ್ಲಿ.”

“ಅವಳು ಉಳ್ಕೊಳ್ತೀನಿ ಅಂದ್ಲಾ?”

“ನಾನು ಇರ್ಲಿ ಅಂದೆ ಅಷ್ಟೆ.” ಅವಳು ದಿಂಬನ್ನು ಎರಡು ಸಲ ಬಡಿದು ಇಟ್ಟಳು. ಪುಟ್ಟ ದಿಂಬೊಂದನ್ನು ಗೋಡೆಯ ಕಡೆಗೆ ಇಟ್ಟಳು. ಅದನ್ನು ಯಾವಾಗ ಕೊಂಡಳೋ ಅವನಿಗೆ ಗೊತ್ತಿರಲಿಲ್ಲ.

ಹೆಂಡತಿಗೆ ಫೋನ್ ಬಂದಾಗ ಅವಳ ಕೈ ಒದ್ದೆಯಾಗಿತ್ತು. ಅವನೇ ಎತ್ತಿಕೊಂಡ.

“ಅಮ್ಮ ಇಲ್ವಾ?” ಎಂದಳು ಮಗಳು.

“ಇದ್ದಾಳೆ. ಎಲ್ಲಿದ್ದೀಯ?”

“ಅದೇ ಗೊತ್ತಾಗ್ತಿಲ್ಲ. ಗಾಡಿ ಸುಮ್ನೆ ಸುತ್ತು ಹಾಕಿಸ್ತಿದೆ. ನಿಮ್ಮ ರಸ್ತೇಲಿ ಏನೋ ಕೆಲಸ ನಡೀತಿದೆ, ಮುಚ್ಚಿದೆ ಅಂತಿದೆ. ಹೌದಾ?”

ಇಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅವನನ್ನೇ ನೋಡುತ್ತಿದ್ದಳು.

“ಹ್ಞಾಂ, ಏನೋ ಸ್ವಲ್ಪ,” ಅಂದ.

“ಹಾಗಾದ್ರೆ ಬರಕ್ಕಾಗಲ್ವಾ?”

“ಬರಬಹುದು. ಬರಬಹುದು.”

“ಮುಚ್ಚಿದ್ಯಾ, ಇಲ್ವಾ? ಸರಿಯಾಗಿ ಹೇಳಿ.”

“ನಿನಗೆ ಈಗ ಎದುರಿಗೆ ಏನು ಕಾಣಿಸ್ತಿದೆ?”

“ಔಷಧಿ ಅಂಗಡಿ. ಪಕ್ಕದಲ್ಲಿ ಒಂದು ನೀಲಿ ಗೇಟು.”

ಅವನು ಕಣ್ಣು ಮುಚ್ಚಿದ. ಈ ಬಡಾವಣೆಯ ಒಂದೊಂದು ತಿರುವನ್ನೂ ಅವನ ಕೈಯೇ ಎಳೆದಿತ್ತು. ಕಣ್ಣು ಮುಚ್ಚಿದರೆ ಗೆರೆಗಳು ಕಂಡವು, ಗೆರೆಗಳ ಅಗಲ ಕಂಡಿತು, ಎಲ್ಲ ಮೇಲಿನಿಂದ, ಹದ್ದಿನ ಕಣ್ಣಿಗೆ ಕಂಡ ಹಾಗೆ. ನೀಲಿ ಗೇಟು ಎಲ್ಲೂ ಇರಲಿಲ್ಲ.

“ನೀನು ಉತ್ತರಕ್ಕೆ ಮುಖ ಮಾಡಿದ್ದೀಯೋ, ದಕ್ಷಿಣಕ್ಕೋ?”

“ಅಪ್ಪ, ನನಗೆ ಹೇಗೆ ಗೊತ್ತಾಗ್ಬೇಕು?”

ಹೆಂಡತಿ ಫೋನ್ ಕಿತ್ತುಕೊಂಡಳು. “ನೀಲಿ ಗೇಟಾ? ಇಲ್ಲೇ ಇದ್ದೀಯಲ್ಲೇ. ಮುಂದೆ ಬಂದು ಎಡಕ್ಕೆ ತಿರುಗು… ತಿರುಗೋಕೆ ಬಿಡ್ತಿಲ್ವಾ? ಯಾರು ಬಿಡ್ತಿಲ್ಲ, ಹಿಂದಿನ ಗಾಡಿಯೋರಾ?… ಅಯ್ಯೋ, ಮಗು ಯಾಕೆ ಅಳ್ತಿದೆ?”

ಅವನು ಕಿಟಕಿಗೆ ಹೋದ. ಕೆಳಗೆ ಗಲ್ಲಿ ಖಾಲಿಯಾಗಿತ್ತು. ಆಚೆ, ಕಟ್ಟಡಗಳ ಹಿಂದಿನಿಂದ, ಹಾರ್ನುಗಳ ಸದ್ದು ಅಲೆ ಅಲೆಯಾಗಿ ಬರುತ್ತಿತ್ತು. ಈ ಗಲ್ಲಿಗೆ ಬರಬೇಕಾದ ಕಾರುಗಳ ಭಾರವನ್ನೂ ಸುತ್ತಲಿನ ರಸ್ತೆಗಳು ಹೊತ್ತು, ಸಂಜೆಯಾದರೆ ಕೆಂಪಗಾಗುತ್ತಿದ್ದವು. ಆ ಕೆಂಪನ್ನು ಅವನು ದಿನಾ ಪರದೆಯಲ್ಲಿ ನೋಡಿದ್ದ. ಅದರೊಳಗೆ ಎಲ್ಲೋ ಮಗಳು ಕೂತಿದ್ದಳು. ಈಗಲೂ ಒಂದು ಮಾತು ಸಾಕಿತ್ತು: ರಸ್ತೆ ತೆರೆದೇ ಇದೆ ಮಗಳೇ, ಮುಚ್ಚಿದವನು ನಾನು, ಯಂತ್ರ ಏನೇ ಬೊಬ್ಬೆ ಹೊಡೆದರೂ ನುಗ್ಗಿ ಬಾ. ವಾಕ್ಯ ಸಿದ್ಧವಾಗಿತ್ತು. ಅದನ್ನು ಹೆಂಡತಿಯ ಎದುರಿಗೆ ಹೇಳಬೇಕಿತ್ತು. ಹೇಳಿದರೆ ಅವಳು ಕೂಗಾಡುವುದಿಲ್ಲ, ಸುಮ್ಮನೆ ನೋಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ, ಅವನು ಫೋನ್ ಇಟ್ಟಾಗಲೂ ಹಾಗೆಯೇ ನೋಡಿದ್ದಳು.

ಹೆಂಡತಿ ಫೋನ್ ಇಟ್ಟು, ಅವನ ಮೊಬೈಲನ್ನು ಅವನ ಜೇಬಿಗೆ ತುರುಕಿದಳು. “ಕತ್ತಲಾಗೋದ್ರೊಳಗೆ ಹೆದ್ದಾರಿ ಹಿಡೀಬೇಕಂತೆ. ಇನ್ನೊಂದೇ ಸುತ್ತು ನೋಡ್ತಾಳಂತೆ. ಆಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಬರ್ತೀನಿ ಅಂದ್ಲು.” ಅವಳು ಬಾಗಿಲು ತೆರೆದು ಹಿಡಿದಳು. “ರೀ, ಓಡಿ. ರಸ್ತೆ ತುದೀಲಿ ನಿಂತ್ಕೊಳ್ಳಿ. ಕಂಡ ತಕ್ಷಣ ಕೈ ಮಾಡಿ.”

“ಕಾರು ಯಾವ ಬಣ್ಣ?”

“ಬಿಳಿ ಅಂದ್ಲು. ಹೋಗ್ರೀ.”

ಕೆಳಗೆ ಗೇಟಿನ ಬಳಿ ರಿಟೈರಾದ ಮೇಷ್ಟ್ರು ಸ್ಟೂಲ್ ಹಾಕಿಕೊಂಡು ಗಾಳಿ ಸೇವಿಸುತ್ತಿದ್ದರು. ಒಂದನೇ ಮಹಡಿಯವರು. ಗಲ್ಲಿ ತಣ್ಣಗಾದದ್ದು ತಾವು ನಗರಪಾಲಿಕೆಗೆ ಬರೆದ ಅರ್ಜಿಗಳಿಂದ ಎಂದು ಬಲವಾಗಿ ನಂಬಿದ್ದರು. ಅವನು ಒಮ್ಮೆಯೂ ಅಲ್ಲವೆಂದಿರಲಿಲ್ಲ.

“ನೋಡಿ, ಎಷ್ಟು ನೆಮ್ಮದಿ,” ಅಂದರು ಮೇಷ್ಟ್ರು. “ಹೊರಗಿನ ಒಂದು ಗಾಡಿ ಒಳಗೆ ಬರಲ್ಲ ಈಗ. ಎಲ್ಲಿಗೆ ಅವಸರ?”

“ಮಗಳು ಬರ್ತಿದ್ದಾಳೆ.”

“ನಿಮಗೆ ಮಗಳಿದ್ದಾಳಾ?” ಅಂದರು ಮೇಷ್ಟ್ರು.

ಅವನು ಬಿರಬಿರನೆ ನಡೆದ. ನಡಿಗೆ ಓಟವಾಯಿತು. ಓಡಿ ಅಭ್ಯಾಸವಿಲ್ಲದ ಕಾಲು, ಚಪ್ಪಲಿ ಹಿಂದೆ ಬೀಳುತ್ತಿತ್ತು. ಗಲ್ಲಿಯ ತುದಿಗೆ ಬಂದು, ದೊಡ್ಡ ರಸ್ತೆಗೆ ಸೇರುವ ಕಡೆ, ನಡುಮಧ್ಯದಲ್ಲಿ ನಿಂತ.

ಬಿಳಿ ಕಾರು ಬಂತು. ಹಿಂದೆ ಇನ್ನೊಂದು ಬಿಳಿ. ಊರಿನ ಕಾರುಗಳೆಲ್ಲ ಬಿಳಿ ಎಂಬುದನ್ನು ಅವನು ಇಷ್ಟು ವರ್ಷ ಗಮನಿಸಿರಲಿಲ್ಲ. ಮೇಲಿನಿಂದ ನೋಡುವವನಿಗೆ ಅವು ಬರಿಯ ಚುಕ್ಕೆಗಳು. ಒಳಗೆ ಕೂತವರು ತಲೆ ತಗ್ಗಿಸಿ ಪರದೆ ನೋಡಿಕೊಳ್ಳುತ್ತಾ, ಗಲ್ಲಿಯ ಬಾಯಿ ಬಂದಾಗ ಒಂದು ಕ್ಷಣ ನಿಧಾನಿಸಿ, ಮುಂದೆ ಹೋಗುತ್ತಿದ್ದರು.

ಒಂದು ಕಾರು ಗಲ್ಲಿಯ ಕಡೆಗೆ ಮೂತಿ ತಿರುಗಿಸಿ ಪೂರ್ತಿ ನಿಂತಿತು. ಓಡಿಸುತ್ತಿದ್ದವಳು ಹೆಂಗಸು. ಕೂದಲು ಕತ್ತರಿಸಿಕೊಂಡಿದ್ದಳು, ಮಗಳಿಗೆ ಉದ್ದ ಜಡೆ. ಆದರೆ ಅದು ಎರಡು ವರ್ಷದ ಹಿಂದಿನ ಮಾತು. ಗಾಜಿನ ಮೇಲೆ ಸಂಜೆಯ ಬೆಳಕು ಬಿದ್ದು ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಹಿಂದಿನ ಸೀಟಿನಲ್ಲಿ ಒಂದು ಮಗು ಅತ್ತು ಸುಸ್ತಾದ ಮುಖ ಮಾಡಿಕೊಂಡು ಅವನನ್ನು ದಿಟ್ಟಿಸುತ್ತಿತ್ತು.

ಕೈ ಮಾಡು ಎಂದಿದ್ದಳು ಹೆಂಡತಿ. ಅವನು ಕೈ ಎತ್ತಿದ. ಎತ್ತಿದ ಮೇಲೆ ಬಾ ಎನ್ನುವುದಕ್ಕೆ ಅದನ್ನು ಹೇಗೆ ಆಡಿಸಬೇಕು ಎಂದು ಹೊಳೆಯಲಿಲ್ಲ. ಅಂಗೈ ಕಾರಿನ ಕಡೆಗೆ ಅಗಲವಾಗಿ ತೆರೆದು, ಅಲ್ಲೇ ನಿಂತುಬಿಟ್ಟಿತು. ಹೆಂಗಸು ಆ ಅಂಗೈಯನ್ನು ನೋಡಿದಳು. ಪರದೆಯನ್ನು ನೋಡಿದಳು. ಎರಡೂ ಒಂದೇ ಮಾತು ಹೇಳುತ್ತಿದ್ದವು. ಅವಳು ಕತ್ತು ಹೊರಳಿಸಿ ಕಾರನ್ನು ಹಿಂದಕ್ಕೆ ತೆಗೆದಳು. ಮಗು ತಾನೂ ಒಂದು ಕೈ ಎತ್ತಿ ಅವನಂತೆಯೇ ಗಾಜಿಗೆ ಒತ್ತಿ ಹಿಡಿಯಿತು. ಕಾರು ದೊಡ್ಡ ರಸ್ತೆಯ ಸಾಲಿನಲ್ಲಿ ಸೇರಿಕೊಂಡಿತು.

ಹೆಸರು ಹಿಡಿದು ಕೂಗಬೇಕೆಂದು ಬಾಯಿ ತೆರೆದ. ಅವಳಲ್ಲದಿದ್ದರೆ ಎಂದು ಅನುಮಾನವಾಯಿತು. ಅವಳೇ ಆಗಿದ್ದರೆ ಎಂದು ಭಯವಾಯಿತು. ಅಷ್ಟರಲ್ಲಿ ಇನ್ನೊಂದು ಬಿಳಿ ಕಾರು ಅದೇ ಜಾಗಕ್ಕೆ ಬಂದು, ಗಾಜು ಇಳಿಸಿಕೊಂಡು ಒಬ್ಬ ಗಂಡಸು ಕೇಳಿದ:

“ಈ ಕಡೆ ಬಿಡ್ತಿಲ್ವಾ ಸಾರ್?”

ಅವನು ತಲೆ ಅಲ್ಲಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿಯಲಿಲ್ಲ. ಗಂಡಸು ಥ್ಯಾಂಕ್ಸ್ ಎಂದು ಗಾಜು ಏರಿಸಿಕೊಂಡು ಹೊರಟುಹೋದ.

ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಮನೆಯಿಂದಲೋ, ಮಗಳಿಂದಲೋ. ತೆಗೆಯಬೇಕೆಂದರೆ ಕೈ ಇಳಿಸಬೇಕಿತ್ತು, ಇಳಿಸಿದ ಗಳಿಗೆಯಲ್ಲೇ ಅವಳ ಕಾರು ಹಾದು ಹೋಗಿಬಿಟ್ಟರೆ? ಅವನು ಕೈಯನ್ನು ಇನ್ನೂ ಮೇಲಕ್ಕೆ ಎತ್ತಿದ. ಒಂದರ ಹಿಂದೊಂದು ಕಾರುಗಳು ಆ ಅಂಗೈಯವರೆಗೆ ಬಂದು, ನಿಧಾನಿಸಿ, ವಿಧೇಯವಾಗಿ ತಿರುಗಿಕೊಂಡು ಹೋದವು. ಅವನ ಬೆನ್ನ ಹಿಂದೆ ಗಲ್ಲಿ ತುದಿಯವರೆಗೂ ಖಾಲಿ ಬಿದ್ದಿತ್ತು.