ಭಾವನ ಅಂಕಿ

ಅಕ್ಕನ ಗಂಡನೇ ಅವಳಿಗೆ ಮೇಲಧಿಕಾರಿ. ಮನೆಯಲ್ಲಿ ‘ಭಾವ’, ಪ್ರಯೋಗಾಲಯದಲ್ಲಿ ‘ಸರ್’ ಅನ್ನಬೇಕು. ಎರಡೂ ಕಡೆ ಅವನು ಹೇಳಿದ್ದೇ ಕೊನೆ.

ಜೀವಕೋಶದ ಹೊದಿಕೆಯಂಥ ಕೊಬ್ಬಿನ ಪೊರೆ ಎಷ್ಟು ಬಿಗಿ ಎಂದು ಅಳೆಯುವುದು ಇಬ್ಬರ ಕೆಲಸ. ಪೊರೆಯ ಪುಟ್ಟ ಗುಳ್ಳೆಯನ್ನು ನೀರಲ್ಲಿ ತೇಲಿಬಿಟ್ಟು, ಕೂದಲಿಗಿಂತ ಸಪೂರವಾದ ಗಾಜಿನ ನಳಿಗೆಯಿಂದ ಮೆಲ್ಲಗೆ ಹೀರಬೇಕು. ಗುಳ್ಳೆಯ ಒಂದು ಭಾಗ ನಾಲಿಗೆಯ ಹಾಗೆ ನಳಿಗೆಯೊಳಕ್ಕೆ ಚಾಚುತ್ತದೆ. ಎಷ್ಟು ಹೀರಿದರೆ ಎಷ್ಟು ಚಾಚಿತು ಎನ್ನುವುದೇ ಅಳತೆ. ಒಂದು ಪೊರೆ ಬಲು ಮೆದು ಎಂದು ತೋರಿಸಿ ಭಾವ ಹೆಸರು ಮಾಡಿದ್ದ. ಅವಳು ಅಳೆದಾಗಲೆಲ್ಲ ಅದು ಬಿಗಿಯಾಗಿಯೇ ಇರುತ್ತಿತ್ತು.

“ನಿನ್ನ ಕೈ ನಡುಗತ್ತೆ,” ಅಂದ ಎಲ್ಲರೆದುರು. “ಚಿಕ್ಕಂದಿನಿಂದ ಹಾಗೇ ಅಂತ ನಿಮ್ಮಕ್ಕಾನೇ ಹೇಳ್ತಾಳೆ.”

ಅವಳ ಮೈ ಉರಿದುಹೋಯಿತು. “ಹಾಗಾದ್ರೆ ನೀವೇ ಕೂತು ಅಳೀರಿ, ಭಾವ.”

ಹಿಂದೆ ಯಾರೋ ಕಿಸಕ್ಕೆಂದರು. ಅವನು ಮುಖ ಗಂಟಿಕ್ಕಿ ತಾನು ಯಾವಾಗಲೂ ಬಳಸುವ ಕೊಬ್ಬಿನ ಸೀಸೆ ತೆಗೆಯಲು ಹೋದ.

“ಅದು ಬೇಡ. ಮುಚ್ಚಳ ಸಡಿಲ ಇದೆ, ಗಾಳಿ ಹೊಕ್ಕು ಕೊಬ್ಬು ಹಳಸಿದೆ. ಹಳಸಿದ್ರೆ ಪೊರೆ ಮೆದುವಾಗತ್ತೆ. ಮೊಹರು ಹಾಕಿದ ಹೊಸ ಸೀಸೆ ಒಡೀರಿ.”

ಹಟಕ್ಕೆ ಬಿದ್ದು ಒಡೆದ. ಗುಳ್ಳೆಗಳು ಸಿದ್ಧವಾಗಲು ಸಂಜೆಯಾಯಿತು. ಕೊನೆಗೆ ಅವನು ಹೀರಿದ, ಇನ್ನಷ್ಟು ಹೀರಿದ. ಪೊರೆ ಜಗ್ಗಲಿಲ್ಲ. ಪರದೆಯ ಮೇಲೆ ಮೂಡಿದ್ದು ಅವಳ ಅಂಕಿಯೇ. ಅವನು ಒತ್ತಡದ ತಿರುಪನ್ನು ಒಮ್ಮೆಲೇ ತಿರುಗಿಸಿದ, ಗುಳ್ಳೆ ಒಡೆದುಹೋಯಿತು.

“ಯಂತ್ರ ಕೆಟ್ಟಿದೆ,” ಎಂದು ಎದ್ದುಹೋದ.

ಮರುದಿನ ಅವಳ ಬೀಗದ ಕೈಗೆ ಪ್ರಯೋಗಾಲಯದ ಬಾಗಿಲು ತೆರೆಯಲಿಲ್ಲ. ಅಲ್ಲೇ ನಿಂತಿದ್ದಾಗ ಅಕ್ಕನ ಫೋನ್ ಬಂತು.

“ನನ್ನ ಗಂಡನ ಮಾನ ಕಳೆದು ನಿನಗೇನೇ ಸಿಕ್ತು?”

“ಅವರಿಗೆ ಗೊತ್ತಿಲ್ಲದೆ ತಪ್ಪಾಗಿದೆ, ಅಕ್ಕ. ತಿದ್ದಿಕೊಂಡ್ರೆ ಮುಗೀತು.”

“ಗೊತ್ತಿಲ್ಲದೆ ಏನು? ಅವರಿಗೆ ಯಾವತ್ತೋ ಗೊತ್ತು! ಸುಮ್ಮನಿದ್ರು, ನೀನೂ ಸುಮ್ಮನಿರಬಹುದಿತ್ತು.”

ಅವಳು ಫೋನ್ ಇಟ್ಟಳು. ಇಷ್ಟು ದಿನ ಅವಳಿಗೆ ಭಾವನ ಜಂಬದ ಮೇಲೆ ಮಾತ್ರ ಸಿಟ್ಟಿತ್ತು; ಈಗ ಅವನು ಗೊತ್ತಿದ್ದೂ ಮುಚ್ಚಿಟ್ಟದ್ದರ ಮೇಲೆ. ಅದೇ ವಾರ ತನ್ನ ಅಳತೆಗಳನ್ನೆಲ್ಲ ತನ್ನೊಬ್ಬಳ ಹೆಸರಲ್ಲೇ ವಿಜ್ಞಾನ ಪತ್ರಿಕೆಗೆ ಕಳಿಸಿದಳು. ಅವು ಅಚ್ಚಾದ ಮೇಲೆ ಭಾವ ಪೊರೆ ಮೆದು ಎಂದಿದ್ದ ತನ್ನ ಹಳೆಯ ಲೇಖನ ಹಿಂತೆಗೆದುಕೊಳ್ಳಬೇಕಾಯಿತು, ಕುರ್ಚಿಯೂ ಹೋಯಿತು. ಅವಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಅಕ್ಕ ಎದುರಾದಳು.

“ನಿನ್ನನ್ನ ತಂಗಿ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಗತ್ತೆ.”

“ಹೇಳ್ಕೋಬೇಡ,” ಅಂದು ಅವಳು ಬಸ್ ಹತ್ತಿದಳು.