ಬಿಂದುಶ್ರೀಯ ಹಿಂದೆ ನಾಲ್ಕು ಮಕ್ಕಳು

ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಹೆಗ್ಗೆರೆ ದಾಟಿತೇನೋ, ಆಧಾರ್ ತೋರ್ಸಿ ಮೇಡಂ ಅಂದ ಕಂಡಕ್ಟರ್, ತೋರಿಸಿದೆ, ಎಲ್ಲಿಗೆ, ಗುಬ್ಬಿಗೆ, ನಾನು ಮತ್ತೆ ನನ್ನ ಮಗಳು — ಮಗಳು ನನ್ನ ತೋಳಿಗೆ ತಲೆ ಆನಿಸಿ ಚಿಪ್ಸ್ ಪ್ಯಾಕೆಟ್ಟಿನ ತಳ ಕೆದಕುತ್ತಿದ್ದಾಳೆ, ಮಡಿಲಲ್ಲಿ ಬಟವಾಡಿಯ ಕ್ಲಿನಿಕ್ಕಿನವರು ಕೊಟ್ಟ ರಿಪೋರ್ಟು, ಹನ್ನೊಂದು ಪುಟ, ಬಿಂದುಶ್ರೀ ಪಿ., ಒಂಬತ್ತು ವರ್ಷ ಎರಡು ತಿಂಗಳು, ಓದುವಿಕೆ ನಾಲ್ಕು. ನಾಲ್ಕು ಎಂದರೆ ನೂರಕ್ಕೆ ನಾಲ್ಕು ಅಂಕ ಅಂದುಕೊಂಡಿದ್ದೆ, ಹದಿನಾಲ್ಕು ವರ್ಷದಿಂದ ಹಾಗಲವಾಡಿಯ ಶಾಲೆಯಲ್ಲಿ ಅಂಕ ಹಾಕುತ್ತಿರುವವಳಿಗೆ ಇನ್ನೇನು ಹೊಳೆಯಬೇಕು, ಇದು ಮಾರ್ಕ್ಸ್ ಅಲ್ಲ ಅನುಪಮಾ ಮೇಡಂ, ಅಂದಳು ಪರೀಕ್ಷೆ ಮಾಡಿದ ದೀಪಿಕಾ, ಇವಳ ವಯಸ್ಸಿನ ನೂರು ಮಕ್ಕಳನ್ನ ಪ್ರೇಯರ್ ಲೈನಲ್ಲಿ ನಿಲ್ಸಿದೀವಿ ಅಂದ್ಕೊಳಿ, ಚೆನ್ನಾಗಿ ಓದೋರು ಮುಂದೆ, ಇವಳ ಹಿಂದೆ ನಾಲ್ಕೇ ಮಕ್ಕಳು. ಬುದ್ಧಿ ಚೆನ್ನಾಗೇ ಇದೆ, ಕೇಳಿದ್ದನ್ನ ನೆನಪಿಡೋ ಲೈನಲ್ಲಿ ನಿಲ್ಸಿದ್ರೆ ಇವಳ ಹಿಂದೆ ತೊಂಬತ್ತಾರು ಮಕ್ಕಳಿದಾರೆ, ಅಕ್ಷರ ಮಾತ್ರ ಹಿಡಿತಕ್ಕೆ ಸಿಗ್ತಿಲ್ಲ, ಡಿಸ್ಲೆಕ್ಸಿಯಾ ಅಂತೀವಿ, ಸೋಮಾರಿತನ ಅಲ್ಲ. ಸೋಮಾರಿತನ ಅಲ್ಲ ಅನ್ನುವುದನ್ನು ಎರಡು ಸಲ ಹೇಳಿದಳು, ನನ್ನ ಮುಖ ನೋಡಿಕೊಂಡೇ ಹೇಳಿದಳು.

ತೊಂಬತ್ತಾರು, ಅದೇ ಅಲ್ಲವೇ ನನ್ನ ಕಣ್ಣು ಕಟ್ಟಿದ್ದು, ಮಾವ ಮಹಾಲಿಂಗಯ್ಯನವರು ಬೆಳಗ್ಗೆ ಪೂಜೆ ಮುಗಿಸಿ ವಚನ ಹೇಳುತ್ತಾರೆ, ಇವಳು ಪಕ್ಕದಲ್ಲಿ ಕೂತು ಕೇಳುತ್ತಾಳೆ, ಎರಡು ಸಲ ಕೇಳಿದರೆ ಸಾಕು, ಮಠದ ಕಂಠಪಾಠ ಸ್ಪರ್ಧೆಯಲ್ಲಿ ಮೂರು ವರ್ಷವೂ ಮೊದಲ ಬಹುಮಾನ, ಅರವತ್ತು ವಚನ ಒಂದೇ ಉಸಿರಿಗೆ, ಮನೆಯಲ್ಲಿ ಒಪ್ಪಿಸುವಾಗ ಕೈಯಲ್ಲಿ ಪುಸ್ತಕ ಹಿಡಿದು ಸರಿಯಾದ ಜಾಗದಲ್ಲೇ ಪುಟ ಮಗುಚುತ್ತಿದ್ದಳು ಕಳ್ಳಿ, ಓದುತ್ತಿದ್ದಾಳೆ ಎಂದೇ ನಂಬಿದೆ ನಾನು, ಟೀಚರಮ್ಮ. ಅರವತ್ತು ವಚನ ಬರುವವಳಿಗೆ ಎರಡನೇ ಕ್ಲಾಸಿನ ಪಾಠದ ನಾಲ್ಕು ಸಾಲು ಬರುವುದಿಲ್ಲವೆಂದರೆ ಕೊಬ್ಬಲ್ಲದೆ ಇನ್ನೇನು ಎಂದುಕೊಂಡೆ. ಹೋದ ತಿಂಗಳು ಗುಬ್ಬಿಯಲ್ಲಿ ಶಿಕ್ಷಕರ ತರಬೇತಿ, ಹೇಳಿಕೊಡಲು ಬಂದವರು ಇಂಥ ಮಕ್ಕಳ ಲಕ್ಷಣಗಳನ್ನು ಬೋರ್ಡಿನ ಮೇಲೆ ಬರೆಯುತ್ತಾ ಹೋದರು, ನಾನು ಇಳಿಸಿಕೊಳ್ಳುತ್ತಾ ಹೋದೆ, ಐದನೇ ಸಾಲಿಗೆ ಪೆನ್ನು ನಿಂತಿತು, ಅಲ್ಲಿ ಬರೆದದ್ದೆಲ್ಲ ನನ್ನ ಮಗಳೇ. ಪರೀಕ್ಷೆ ಮಾಡಿಸೋಣ ಅಂದರೆ ನನ್ನ ಗಂಡ ತಲೆ ಎತ್ತದೆ, ಆ ಬಟವಾಡಿ ಕ್ಲಿನಿಕ್ ಬೇಡ ಕಣೇ, ಬೇರೆ ಎಲ್ಲಾದ್ರೂ ನೋಡೋಣ ಬಿಡು, ಅಂದರು. ಯಾಕೆ ಬೇಡ ಎಂದು ಆಗಲೇ ಕೇಳಬೇಕಿತ್ತು, ಕೇಳಲಿಲ್ಲ, ಹತ್ತಿರ ಇದೆ ಎಂದು ಅಲ್ಲಿಗೇ ಹೋದೆ.

ಬೆಳಗ್ಗೆ ಹೊಸ ಫಾರಂ ಕೊಡಿ ಅಂದೆ, ಕೌಂಟರಿನ ಮಂಜುಳಮ್ಮ ಕಂಪ್ಯೂಟರ್ ನೋಡಿ, ಹೊಸಾದ್ಯಾಕೆ ಮೇಡಂ, ಈ ಮಗಿನ ಹೆಸ್ರು ಇಲ್ಲೇ ಐತಲ್ಲ, ಎರಡು ವರ್ಷದ ಹಿಂದೆ ಇವ್ರ ತಂದೆ ಕರ್ಕಂಡು ಬಂದವ್ರೆ, ಅಂದಳು. ಇವರ ತಂದೆ, ಪ್ರಭುದೇವ, ನನ್ನ ಪಕ್ಕದಲ್ಲಿ ಮಲಗಿ ಏಳುವ ಮನುಷ್ಯ. ತಾರೀಖು ನೋಡಿದೆ, ಶನಿವಾರ, ಅಪ್ಪ ಮಗಳು ಕುಣಿಗಲ್ಲಿಗೆ, ನಾದಿನಿ ಸರ್ವಮಂಗಳನ ಮನೆಗೆ ಹೋಗಿಬಂದೆವು ಅಂದಿದ್ದ ಶನಿವಾರ, ಕುದುರೆ ಫಾರಂ ಹತ್ರ ಹೋಗಿದ್ಯೇನೇ ಎಂದು ಕೇಳಿದ್ದೆ, ಹೂಂ ಅಮ್ಮ, ಬಿಳೀ ಕುದುರೆ ಮರಿ ಇತ್ತು, ಅದಕ್ಕೆ ನಿಲ್ಲೋಕೂ ಬರ್ತಿರ್ಲಿಲ್ಲ, ಅಂದಿದ್ದಳು, ಏಳು ವರ್ಷದ ಮಗು ನನ್ನ ಮುಂದೆ ಕುದುರೆ ಮರಿಯನ್ನೇ ಹುಟ್ಟಿಸಿ ನಿಲ್ಲಿಸಿತ್ತು, ಹಾಗೆ ಹೇಳಲು ಯಾರು ಕಲಿಸಿದರು. ಆಗಿನ ರಿಪೋರ್ಟಿನಲ್ಲಿ ಓದುವಿಕೆ ಹನ್ನೊಂದು. ಈಗ ನಾಲ್ಕು. ನಡುವೆ ವಿಶೇಷ ತರಬೇತಿ ಏನೂ ಕೊಡ್ಸಿಲ್ವಾ ಮೇಡಂ, ಅಷ್ಟು ಬರೆದು ಕೊಟ್ಟಿದ್ವಲ್ಲ, ಅಂದಳು ದೀಪಿಕಾ, ಏಳು ಮಕ್ಕಳು ನನ್ನ ಮಗಳನ್ನು ದಾಟಿಕೊಂಡು ಮುಂದೆ ಹೋದರು, ಆ ಎರಡು ವರ್ಷ ನಾನು ಮರದ ಸ್ಕೇಲು ಹಿಡಿದು ಕೂತಿದ್ದೆ.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತೇ ಫೋನ್ ಮಾಡಿದೆ, ನಿಮಗೆ ಗೊತ್ತಿತ್ತಲ್ರೀ ಅಂದೆ, ನಿಂಗೆ ಹೇಳಿದ್ರೆ ನೀನು ತಡ್ಕೊಳ್ತಿದ್ಯಾ ಅನು, ಟೀಚರ್ ಮಗಳಿಗೇ ಓದಕ್ಕೆ ಬರಲ್ಲ ಅಂತ ಊರೆಲ್ಲ ಆಡ್ಕೊಳೋರು, ಹೆಣ್ಣು ಮಗು, ಹೆಸರು ಅಂಟ್ಕೊಂಡ್ರೆ ಹೋಗುತ್ತಾ, ದೊಡ್ಡೋಳಾದ್ಮೇಲೆ ಸರಿಹೋಗುತ್ತೆ ಅಂದ್ಕೊಂಡೆ ಕಣೇ. ಸರಿಹೋಗುತ್ತಂತೆ. ನಾನು ಸ್ಕೇಲು ತೆಗೆದ ಕೂಡಲೇ ಹಾಲು ತರ್ತೀನಿ ಎಂದು ಚಪ್ಪಲಿ ಮೆಟ್ಟುತ್ತಿದ್ದರಲ್ಲ, ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಹಾಲು ಇರುತ್ತಿತ್ತು, ಹಾಲು ಒಡೆದುಹೋಗಲಿ, ಬಾಗಿಲಲ್ಲಿ ನಿಂತು ಒಂದು ಮಾತು, ಹೊಡೀಬೇಡ್ವೇ, ಅದಕ್ಕೆ ಬರಲ್ಲ ಎಂದು ಒಂದೇ ಒಂದು ಮಾತು ಆಡಿದ್ದರೆ! ಆಡಲಿಲ್ಲ, ಗೇಟು ಹಾಕಿಕೊಂಡು ಹೋದರು, ನನ್ನನ್ನು ಕಟುಕಿಯನ್ನಾಗಿ ಮಾಡಿ ತಾವು ಮುದ್ದಿನ ಅಪ್ಪನಾಗಿ ಉಳಿದರು, ಇದನ್ನು ನಾನು ಕ್ಷಮಿಸುವುದಿಲ್ಲ — ಸ್ಕೇಲು ಹಿಡಿದದ್ದು ಮಾತ್ರ ನನ್ನ ಕೈ.

ಮಲ್ಲಸಂದ್ರ, ಯಾರೋ ಇಳಿಯುತ್ತಿದ್ದಾರೆ. ಬಿಂದೂ, ಅವತ್ತು ಕುಣಿಗಲ್‌ಗೆ ಹೋಗಿರ್ಲಿಲ್ಲ ಅಲ್ವಾ. ಖಾಲಿ ಪ್ಯಾಕೆಟ್ಟನ್ನು ಸಣ್ಣಗೆ ಮಡಿಸುತ್ತಾಳೆ, ಇನ್ನೂ ಸಣ್ಣಗೆ. ಇಲ್ಲ. ನಾನು ಹೊಡೆಯೋವಾಗ್ಲಾದ್ರೂ ಹೇಳ್ಬಾರ್ದಾಗಿತ್ತೇನೇ, ಡಾಕ್ಟ್ರು ಹಿಂಗಂದವ್ರೆ ಅಂತ. ಅಪ್ಪ ಬೇಡ ಅಂದ್ರು, ಅಮ್ಮಂಗೆ ಗೊತ್ತಾದ್ರೆ ತುಂಬಾ ಅಳ್ತಾಳೆ ಅಂದ್ರು, ಅದಕ್ಕೆ. ಅದಕ್ಕೆ ಅನ್ನುತ್ತಾಳೆ, ನಾನು ಅಳಬಾರದೆಂದು, ಬಸ್ಸು ಮತ್ತೆ ಹೊರಟಿತು, ರಿಪೋರ್ಟಿನ ಅಕ್ಷರ ಒಂದಕ್ಕೊಂದು ಅಂಟಿಕೊಂಡು ಏನೂ ಓದಲಾಗುತ್ತಿಲ್ಲ, ಬಲಗೈಗೆ ಹೊಡೆದರೆ ಹೋಂವರ್ಕ್ ಬರೆಯಲಾಗದು ಎಂದು ಅವಳೇ ಎಡಗೈ ಚಾಚುತ್ತಿದ್ದಳು, ನಾನು ಕೇಳುವ ಮೊದಲೇ, ಬೆರಳು ಜೋಡಿಸಿ, ಬಳೆಯನ್ನು ಮೇಲೆ ಸರಿಸಿಕೊಂಡು, ರಿಪೋರ್ಟಿನ ಪುಟ ಆರು, ಪುಟ ಏಳು, ನನ್ನ ಮುಖವನ್ನೇ ನೋಡುತ್ತಾ, ಅಮ್ಮ ಅಳುತ್ತಾಳೇನೋ ಎಂದು ನೋಡುತ್ತಾ, ಆ ಎಡಗೈ, ಬಳೆ ಸರಿಸಿಕೊಂಡು, ಆ ಎಡಗೈ